ಹದಿಮೂರು ಏರು, ಹನ್ನೆರಡು ಹಲಗೆ

ಸ್ಕೇಲಕ್ಕ ಯಾವ ಕೋಣೆಗೆ ಹೋದರೂ ಮೊದಲು ನೋಡುತ್ತಿದ್ದುದು ಅಲ್ಲಿ ಕೂತವರ ಮುಖವನ್ನಲ್ಲ, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದನ್ನು. ಇಪ್ಪತ್ತಾರು ವರ್ಷ ಒಬ್ಬ ಆರ್ಕಿಟೆಕ್ಟರ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದವಳ ಕಣ್ಣು ಹಾಗೆ ಪಳಗಿಬಿಟ್ಟಿತ್ತು. ನೆಂಟರ ಮನೆಗೆ ಹೋದರೆ, ಅವರು "ಕೂತ್ಕೊಳ್ಳಿ" ಅನ್ನುವ ಮೊದಲೇ ಇವಳು "ಈ ಕಿಟಕಿ ನಾಲ್ಕು ಇಂಚು ಆಚೆ ಇರಬೇಕಿತ್ತು" ಅಂದುಬಿಡುತ್ತಿದ್ದಳು. ತಮ್ಮನ್ನು ಯಾರೂ ಊಟಕ್ಕೆ ಕರೆಯದಿರುವುದಕ್ಕೆ ಇದೇ ಕಾರಣ ಎಂದು ಅವಳ ಗಂಡ ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದ. ಅವನು ಟೈಲರ್, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವಳ ಬ್ಯಾಗಿನಲ್ಲಿ ಸದಾ ಒಂದು ಮೂರು ಅಂಚಿನ ಸ್ಕೇಲು ಇರುತ್ತಿತ್ತು. ಹೆಸರು ಬಂದದ್ದು ಅದರಿಂದಲೇ.

ಮನೆ ಹೇಗಿರಬೇಕು ಎಂದು ಯೋಚಿಸುವುದು ಆರ್ಕಿಟೆಕ್ಟರ ಕೆಲಸವಾಗಿತ್ತು. ಆ ಯೋಚನೆಯನ್ನು ಗಾರೆಯವನಿಗೂ ಬಡಗಿಗೂ ತಿಳಿಯುವಂತೆ ಗೆರೆಗಿಳಿಸುವುದು ಇವಳ ಕೆಲಸ. ಮೊದಲ ಹದಿನಾಲ್ಕು ವರ್ಷ ಟ್ರೇಸಿಂಗ್ ಪೇಪರಿನ ಮೇಲೆ ಶಾಯಿಯಲ್ಲಿ ಬರೆದಳು. ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕಿತ್ತು. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಒಂದು ಆಸ್ಪತ್ರೆಯ ನಕ್ಷೆಯಲ್ಲಿ ಇನ್ನೂರ ಹನ್ನೆರಡು ಕಿಟಕಿ ಒಂದೊಂದಾಗಿ ಬರೆದು ಬರೆದು ಬೇಸತ್ತು, ತಾನಾಗಿ ಕಿಟಕಿ ಬರೆಯುವ ಒಂದು ಸಣ್ಣ ಪ್ರೋಗ್ರಾಮನ್ನು ಹೇಗೋ ಏಗಾಡಿ ಬರೆದಳು. ಅವಳು ಪ್ರೋಗ್ರಾಮಿಂಗ್ ಕಲಿತದ್ದು ಹೀಗೆ, ಶುದ್ಧ ಸೋಮಾರಿತನದಿಂದ.

ಆರ್ಕಿಟೆಕ್ಟರು ವಯಸ್ಸಾಗಿ ಕಚೇರಿ ಮುಚ್ಚಿದಾಗ ಅವಳಿಗೆ ಐವತ್ತು. ಮನೆಗೆ ಹತ್ತಿರದ ಪ್ರೌಢಶಾಲೆಯೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿಕೊಂಡಳು. ಬೆಳಿಗ್ಗೆ ಬೀಗ ತೆಗೆಯುವುದು, ಹತ್ತೊಂಬತ್ತು ಯಂತ್ರಗಳ ಧೂಳು ಒರೆಸುವುದು, ಸಂಜೆ ಬೀಗ ಹಾಕುವುದು. ಎರಡನೇ ವರ್ಷದ ನಡುವೆ ಕಂಪ್ಯೂಟರ್ ಮೇಷ್ಟ್ರು ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದರು. ಹೆಡ್‌ಮಿಸ್ಟ್ರೆಸ್ ಇವಳನ್ನು ಕರೆಸಿದರು.

"ನಿಮಗೆ ಪ್ರೋಗ್ರಾಮಿಂಗ್ ಬರುತ್ತಂತೆ, ಹೌದಾ?"

"ಕಿಟಕಿ ಬರೆಯೋಷ್ಟು ಬರುತ್ತೆ ಮೇಡಂ."

"ಸದ್ಯಕ್ಕೆ ಕಿಟಕಿನೇ ಕಲಿಸಿ. ಕ್ಲಾಸು ಖಾಲಿ ಬಿಟ್ರೆ ಅದೇ ಕಿಟಕಿಯಿಂದ ಹುಡುಗರು ಹೊರಗೆ ಹಾರ್ತಾರೆ." ಆಮೇಲೆ ಅವರು ದನಿ ತಗ್ಗಿಸಿದರು. "ಮುಚ್ಚುಮರೆ ಯಾಕೆ, ಹೇಳಿಬಿಡ್ತೀನಿ. ವರ್ಷದ ಕೊನೇಲಿ ಶಿಕ್ಷಣ ಕಚೇರಿಯಿಂದ ಪರಿಶೀಲಕರು ಬರ್ತಾರೆ. ಅವರು ಒಪ್ಪಿದ್ರೆ ಈ ಕ್ಲಾಸು ನಿಮ್ಮದೇ. ಒಪ್ಪದಿದ್ರೆ ಹೊರಗಿನವರು ಬರ್ತಾರೆ, ನೀವು ವಾಪಸ್ ಬೀಗದ ಕೈಗೆ."

ಪಾಠ ಮಾಡಬೇಕೆಂಬ ಆಸೆ ತನಗಿತ್ತೆಂದು ಸ್ಕೇಲಕ್ಕನಿಗೇ ಗೊತ್ತಿರಲಿಲ್ಲ. ಅಂದು ಆ ಕೋಣೆಯಿಂದ ಹೊರಬರುವಾಗ ಗೊತ್ತಾಯಿತು. ಕೈಯಲ್ಲಿದ್ದ ಬೀಗದ ಕೈ ಗೊಂಚಲು ಇದ್ದಕ್ಕಿದ್ದಂತೆ ಭಾರ ಅನಿಸಿತು.

ಮೊದಲ ಎರಡು ವಾರ ಪುಸ್ತಕ ಹಿಡಿದು ಪಾಠ ಮಾಡಿದಳು. 'ಫಂಕ್ಷನ್ ಎಂದರೆ ಮರುಬಳಕೆಗೆ ಯೋಗ್ಯವಾದ ಆದೇಶಗಳ ಸಮೂಹ' ಎಂದು ಬೋರ್ಡಿನ ಮೇಲೆ ಬರೆದಳು. ಹತ್ತೊಂಬತ್ತು ಮಕ್ಕಳು ಅದನ್ನು ಹಾಗೇ ಇಳಿಸಿಕೊಂಡರು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಎಲ್ಲ ವಿಷಯದ ಮೇಷ್ಟ್ರುಗಳೂ ಅವಳನ್ನು 'ಪ್ರಶ್ನೆ' ಎಂದೇ ಕರೆಯುತ್ತಿದ್ದರು.

"ಮಿಸ್, ಇದನ್ನ ಯಾಕೆ ಕಲೀಬೇಕು?"

"ಪರೀಕ್ಷೆಗೆ ಬರುತ್ತೆ."

"ಪರೀಕ್ಷೆಗೆ ಯಾಕೆ ಬರುತ್ತೆ?"

ತರಗತಿ ಗೊಳ್ಳೆಂದಿತು. ಸ್ಕೇಲಕ್ಕನೂ ನಕ್ಕಳು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ತಾನು ಕೊಟ್ಟ ಉತ್ತರ ಅವಳನ್ನು ಚುಚ್ಚುತ್ತಿತ್ತು.

ಮರುದಿನ ಅವಳು ಯಂತ್ರಗಳನ್ನು ಹಚ್ಚಲೇ ಇಲ್ಲ. ಮಕ್ಕಳನ್ನು ವರಾಂಡಕ್ಕೆ ಕರೆದೊಯ್ದು, ಶಾಲೆಯ ಕಿಟಕಿಗಳನ್ನೆಲ್ಲ ಎಣಿಸಲು ಹೇಳಿದಳು. ನಲವತ್ತನಾಲ್ಕು ಬಂತು.

"ಈ ಶಾಲೆಯ ನಕ್ಷೆ ಬರೆದವರು ನಲವತ್ತನಾಲ್ಕು ಸಲ ಕಿಟಕಿ ಬರೆದಿರ್ತಾರಾ?"

"ಬರೀಲೇಬೇಕಲ್ಲ ಮಿಸ್?"

"ಬರೆದಿರಲ್ಲ. ಒಂದೇ ಒಂದು ಕಿಟಕಿಯನ್ನ ದೊಡ್ಡದಾಗಿ, ಅಳತೆ, ಮೊಳೆ, ಚಿಲಕದ ಸಮೇತ ಬರೆದು ಅದಕ್ಕೆ 'ಕಿ-೧' ಅಂತ ಹೆಸರಿಡ್ತಾರೆ. ಮಿಕ್ಕ ಕಡೆ ಎಲ್ಲ ಬರೀ 'ಕಿ-೧'. ಬಡಗಿ ಆ ಹೆಸರು ನೋಡಿ, ಆ ಹಾಳೆ ತೆಗೆದು, ಹಾಗೇ ಮಾಡ್ತಾನೆ. ನಿನ್ನೆ ಬೋರ್ಡಿನ ಮೇಲೆ ಬರೆದೆನಲ್ಲ ಫಂಕ್ಷನ್, ಅದು ಇಷ್ಟೇ."

ಪ್ರಶ್ನೆ ಸ್ವಲ್ಪ ಹೊತ್ತು ಕಿಟಕಿಯನ್ನೇ ನೋಡಿದಳು. "ಹಾಗಾದ್ರೆ ಆ ಒಂದು ಹಾಳೇಲಿ ಚಿಲಕ ತಪ್ಪಾದ್ರೆ ನಲವತ್ತನಾಲ್ಕೂ ತಪ್ಪು."

"ತಿದ್ದಬೇಕಾದ್ದೂ ಒಂದೇ ಕಡೆ."

"ಓ," ಅಂದಳು ಹುಡುಗಿ. ಇಪ್ಪತ್ತಾರು ವರ್ಷದಲ್ಲಿ ಸ್ಕೇಲಕ್ಕನ ಯಾವ ನಕ್ಷೆಯನ್ನು ನೋಡಿಯೂ ಯಾರೂ ಹಾಗೆ 'ಓ' ಅಂದಿರಲಿಲ್ಲ.

ಅಲ್ಲಿಂದ ಮುಂದೆ ಕಟ್ಟಡವೇ ಪಠ್ಯಪುಸ್ತಕವಾಯಿತು. ಮಕ್ಕಳು ಅಳತೆಯ ಟೇಪು ಹಿಡಿದು ಶಾಲೆಯ ತುಂಬ ಓಡಾಡಿದರು. ಗಣಿತದ ಮೇಷ್ಟ್ರ ಕುರ್ಚಿಯ ಕೆಳಗೂ ಟೇಪು ಹೋಯಿತು. ಬಾಗಿಲ ಪಟ್ಟಿ ಬರೆದರು, ನೀರಿನ ಕೊಳವೆ ಎಲ್ಲೆಲ್ಲಿ ಕವಲೊಡೆಯುತ್ತದೆ ಎಂದು ಗುರುತು ಹಾಕಿದರು, ಆಮೇಲೆ ಅದನ್ನೇ ಪ್ರೋಗ್ರಾಮಿನಲ್ಲಿ ಬರೆದರು. ಕೊನೆಗೆ ಒಂದು ನಿಜವಾದ ಕೆಲಸ ಸಿಕ್ಕಿತು. ಲ್ಯಾಬಿನಲ್ಲಿ ಹಳೆಯ ಯಂತ್ರಗಳನ್ನಿಡುವ ಒಂದು ಅಟ್ಟವಿತ್ತು. ಅದಕ್ಕೆ ಹತ್ತಲು ಇದ್ದದ್ದು ಗಡಗಡ ಅಲುಗುವ ಕಬ್ಬಿಣದ ಏಣಿ. ಅದರ ಬದಲು ಮರದ ಮೆಟ್ಟಿಲು ಮಾಡಿಸಲು ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಅಳತೆ ಮಕ್ಕಳದು, ಲೆಕ್ಕ ಮಕ್ಕಳ ಪ್ರೋಗ್ರಾಮಿನದು, ಮರದ ಕೆಲಸ ಶಾಲೆಯ ಬಡಗಿಯದು.

ನೆಲದಿಂದ ಅಟ್ಟಕ್ಕೆ ಎರಡು ಸಾವಿರದ ಮುನ್ನೂರ ನಲವತ್ತು ಮಿಲಿಮೀಟರ್. ಒಂದೊಂದು ಏರು, ಎಂದರೆ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹತ್ತುವ ಎತ್ತರ, ನೂರ ಎಂಬತ್ತಾದರೆ ಸರಿಯಾಗಿ ಹದಿಮೂರು ಏರು. ಕಾಲಿಡುವ ಹಲಗೆ ಇನ್ನೂರ ಐವತ್ತು ಅಗಲ. ಮಕ್ಕಳ ಪ್ರೋಗ್ರಾಮ್ ಸರಳವಾಗಿತ್ತು: ಹದಿಮೂರು ಸಲ ಮಾಡು, ಪ್ರತಿ ಸಲವೂ ನೂರ ಎಂಬತ್ತು ಮೇಲೇರು, ಒಂದು ಹಲಗೆ ಇಡು, ಇನ್ನೂರ ಐವತ್ತು ಮುಂದೆ ಹೋಗು. ಕೊನೆಗೆ ಬೇಕಾದ ಹಲಗೆಗಳ ಪಟ್ಟಿಯನ್ನೂ ಅವನ್ನು ಹೊರುವ ಎರಡು ಪಕ್ಕದ ಮರಗಳ ಆಕಾರವನ್ನೂ ಅದೇ ಅಚ್ಚು ಹಾಕಿಕೊಟ್ಟಿತು. ಸ್ಕೇಲಕ್ಕ ಕನ್ನಡಕ ಏರಿಸಿ ನೋಡಿ, ಕೆಳಗೆ 'ಪರಿಶೀಲಿಸಿದೆ' ಎಂದು ಸಹಿ ಮಾಡಿದಳು.

ಬಡಗಿ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಕ್ಕ, ಇದ್ರಲ್ಲಿ..."

"ಇಲ್ಲಿ ಏನಿದೆಯೋ ಅದನ್ನೇ ಮಾಡಿ ಅಣ್ಣ. ನಿಮ್ಮ ಕೈಚಳಕ ಏನೂ ಸೇರಿಸಬೇಡಿ. ಪ್ರೋಗ್ರಾಮ್ ಸರಿನಾ ಅಂತ ನಾವು ನೋಡಬೇಕು."

"ಆಯ್ತಪ್ಪ. ಮೂವತ್ತು ವರ್ಷದಿಂದ ಮೆಟ್ಟಿಲು ಮಾಡ್ತಿದೀನಿ. ಈಗ ಕಂಪ್ಯೂಟರ್ ಕೈಕೆಳಗೆ ಕೂಲಿ."

ಒಂದು ಮಧ್ಯಾಹ್ನ ಮೆಟ್ಟಿಲು ಬಂತು. ಧೂಳು ಹೊರಗೆ ಹೋಗದಿರಲೆಂದು ಬಾಗಿಲು ಹಾಕಿಕೊಂಡು, ಬಡಗಿ ಅದನ್ನು ಅಟ್ಟದ ತೊಲೆಗೆ ಆನಿಸಿ ಬೋಲ್ಟು ಬಿಗಿದ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದಂತೆಯೇ ಹೊರಗಿನಿಂದ ಹೆಡ್‌ಮಿಸ್ಟ್ರೆಸ್ ಬಾಗಿಲು ತಳ್ಳಿದರು. ಅದು ಅರ್ಧಕ್ಕಿಂತ ತುಸು ಹೆಚ್ಚು ತೆರೆದು, ಮೆಟ್ಟಿಲ ಬುಡಕ್ಕೆ ಢಬ್ಬೆಂದು ಬಡಿದು ನಿಂತಿತು. ಅವರೋ ಮೈಕೈ ತುಂಬಿಕೊಂಡವರು. ಒಮ್ಮೆ ನೇರವಾಗಿ ಬರಲು ನೋಡಿದರು, ಆಗಲಿಲ್ಲ. ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ಒಳಗೆ ಬಂದರು.

"ಏನಿದು?"

ಸ್ಕೇಲಕ್ಕ ಮೇಲೆ ನೋಡಿದಳು. ಅಟ್ಟದ ನೆಲಕ್ಕೆ ಅಂಟಿಕೊಂಡು, ಅದೇ ಮಟ್ಟಕ್ಕೆ, ಒಂದು ಹಲಗೆ ಇತ್ತು. ಹದಿಮೂರನೆಯ ಹಲಗೆ. ಹದಿಮೂರನೆಯ ಏರು ಹತ್ತಿದರೆ ಕಾಲಿಡುವುದು ಅಟ್ಟದ ಮೇಲೇ; ಅಲ್ಲಿ ಹಲಗೆ ಬೇಕಾಗಿಯೇ ಇರಲಿಲ್ಲ. ಆ ಒಂದು ಹಲಗೆಯ ಇನ್ನೂರ ಐವತ್ತು ಮಿಲಿಮೀಟರಿನಿಂದ ಇಡೀ ಮೆಟ್ಟಿಲು ಮುಂದಕ್ಕೆ ಬಂದು ಬಾಗಿಲಿಗೆ ಅಡ್ಡ ನಿಂತಿತ್ತು. ಏರಿಗಿಂತ ಹಲಗೆ ಒಂದು ಕಡಿಮೆ. ಇದು ನಕ್ಷೆಯ ಕಚೇರಿಯಲ್ಲಿ ಮೊದಲ ವಾರ ಹೇಳಿಕೊಡುವ ಪಾಠ.

"ನಾನು ಹೇಳೋಕೆ ಬಂದೆ," ಎಂದ ಬಡಗಿ, ಸುತ್ತಿಗೆ ಕೆಳಗಿಟ್ಟು. "ಬಾಯಿ ಮುಚ್ಚಿಸಿದ್ರು. ಹೋಗ್ಲಿ, ಅಟ್ಟಕ್ಕೆ ಹತ್ತಿದವರು ಸುಸ್ತಾಗಿ ಕೂತ್ಕೊಳ್ಳೋಕೆ ಒಂದು ಬೆಂಚಾಯ್ತು."

"ಪರಿಶೀಲಕರು ಬರೋಕೆ ಇನ್ನು ಎಂಟು ದಿನ ಇದೆ," ಎಂದರು ಹೆಡ್‌ಮಿಸ್ಟ್ರೆಸ್. ಅವರು ಸ್ಕೇಲಕ್ಕನ ಮುಖ ನೋಡಲಿಲ್ಲ. ಮತ್ತೆ ಅಡ್ಡ ತಿರುಗಿ ಹೊರಗೆ ಹೋದರು.

ಆ ಸಂಜೆ ಸ್ಕೇಲಕ್ಕ ಮನೆಗೆ ಬಂದವಳೇ ಗಂಡನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಅವನು ಒಂದು ಅಂಗಿಗೆ ಗುಂಡಿಯ ಗುರುತು ಹಾಕುತ್ತಿದ್ದ.

"ಏನೇ, ಮುಖ ಇಸ್ತ್ರಿ ಇಲ್ಲದ ಅಂಗಿ ಥರ ಆಗಿದೆ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. "ನನ್ನ ಸಹಿ ಇದೆ ರೀ ಅದರ ಮೇಲೆ. ಕಣ್ಣು ಮುಚ್ಚಿ ಬರೆದರೂ ತಪ್ಪದ ಲೆಕ್ಕ ಅದು."

"ಹಾಗಂತಲೇ ಕಣ್ಣು ಮುಚ್ಚಿಬಿಟ್ಟೆ." ಅವನು ಸೀಮೆಸುಣ್ಣದಿಂದ ಅಂಗಿಯ ಮೇಲೆ ತೋರಿಸಿದ. "ಇಲ್ಲಿ ನೋಡು. ಆರು ಗುಂಡಿ, ಮಧ್ಯೆ ಐದೇ ಸಂದು. ನನ್ನ ಹತ್ರ ಕಲಿಯೋಕೆ ಬಂದವರೆಲ್ಲ ಆರರಿಂದ ಭಾಗಿಸ್ತಾರೆ, ಕೊನೇ ಗುಂಡಿ ಹೊಟ್ಟೆ ಮೇಲೇ ನಿಂತುಬಿಡುತ್ತೆ. ಅವರಿಗೆ ನಾನು ಬಾಯಲ್ಲಿ ಹೇಳ್ತೀನಿ. ನೀನು ನಿನ್ನ ಮಕ್ಕಳಿಗೆ ಹೇಳಿದ್ದೆಯಾ?"

ಸ್ಕೇಲಕ್ಕ ಯೋಚಿಸಿದಳು. ಹೇಳಿರಲಿಲ್ಲ. ಕಚೇರಿಯಲ್ಲಿ ಅವಳು ನಕ್ಷೆಯ ಮೇಲೆ 'ಹದಿಮೂರು ಏರು' ಎಂದಷ್ಟೇ ಬರೆಯುತ್ತಿದ್ದಳು. ಹಲಗೆ ಎಷ್ಟು ಎಂದು ಯಾವ ಬಡಗಿಯೂ ಕೇಳಿರಲಿಲ್ಲ. ಅವಳು ಬಿಟ್ಟದ್ದನ್ನು ಅವರು ತುಂಬಿಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷ ಅವಳು ಬರೆದದ್ದು ತಿಳಿದ ಮನುಷ್ಯರಿಗೆ. ಮಕ್ಕಳ ಪ್ರೋಗ್ರಾಮಿನಲ್ಲಿ ಹದಿಮೂರು ಎಂದು ಕಂಡಾಗ ಅವಳ ಕಣ್ಣು ಹಳೆಯ ಅಭ್ಯಾಸದಂತೆ ಮಿಕ್ಕದ್ದನ್ನು ತಾನೇ ತುಂಬಿಕೊಂಡಿತ್ತು. ಯಂತ್ರ ತುಂಬಿಕೊಳ್ಳಲಿಲ್ಲ. ಬಡಗಿ ತುಂಬಲು ಬಂದಿದ್ದ, ಅವನನ್ನು ಅವಳೇ ತಡೆದಿದ್ದಳು.

ಮರುದಿನ ತರಗತಿಯಲ್ಲಿ ಇಷ್ಟನ್ನೂ ಹೀಗೆಯೇ ಹೇಳಿದಳು. ಬಡಗಿ ಮೆಟ್ಟಿಲ ಮೇಲಿನ ತುದಿ ಕೊಯ್ದು, ಇಡೀ ಮೆಟ್ಟಿಲನ್ನು ಇನ್ನೂರ ಐವತ್ತು ಮಿಲಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ಬಿಗಿದ. ಬಾಗಿಲು ಪೂರ್ತಿ ತೆರೆಯಿತು. ಮಕ್ಕಳು ಪ್ರೋಗ್ರಾಮನ್ನು ತಿದ್ದಿದರು: ಎತ್ತರ ಕೊಟ್ಟರೆ ಅದನ್ನು ನೂರ ಎಂಬತ್ತರಿಂದ ಭಾಗಿಸಿ ಏರು ಎಣಿಸು, ಅದರಲ್ಲಿ ಒಂದು ಕಳೆದು ಹಲಗೆ ಎಣಿಸು. ಹಳೆಯ ಹಾಳೆಯನ್ನು ಒಬ್ಬ ಹುಡುಗ ಹರಿಯಲು ಹೊರಟ.

"ತಡಿ, ಹರೀಬೇಡ," ಎಂದಳು ಸ್ಕೇಲಕ್ಕ.

ನಕ್ಷೆಯ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇತ್ತು. ಹೊರಗೆ ಹೋದ ನಕ್ಷೆಯನ್ನು ಬದಲಿಸಿದರೆ, ಅದರ ಬಲಮೂಲೆಯ ಸಣ್ಣ ಪಟ್ಟಿಯಲ್ಲಿ ಏನು ಬದಲಾಯಿತು, ಯಾಕೆ, ಯಾವ ದಿನ, ಯಾರು ಎಂದು ಬರೆಯಲೇಬೇಕು. ಇಲ್ಲದಿದ್ದರೆ ಕಟ್ಟುವ ಜಾಗದಲ್ಲಿ ಒಬ್ಬನ ಕೈಯಲ್ಲಿ ಹಳೆಯದು, ಇನ್ನೊಬ್ಬನ ಕೈಯಲ್ಲಿ ಹೊಸದು. ಗೋಡೆ ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಅವಳು ಎರಡೂ ಹಾಳೆಗಳನ್ನು ಗೋಡೆಗೆ ಅಂಟಿಸಿ, ಕೆಳಗೆ ಅಂಥದೇ ಪಟ್ಟಿ ಎಳೆದಳು. ಮೊದಲ ಸಾಲನ್ನು ತಾನೇ ಬರೆದಳು: 'ಹಲಗೆ ಹದಿಮೂರರಿಂದ ಹನ್ನೆರಡಕ್ಕೆ. ಕಾರಣ: ಏರಿಗೂ ಹಲಗೆಗೂ ಒಂದೇ ಎಣಿಕೆ ಹಿಡಿದದ್ದು. ಪರಿಶೀಲಿಸಿದವರ ಕಣ್ತಪ್ಪು.' ಸಹಿ, ದಿನಾಂಕ.

"ಮಿಸ್, ತಪ್ಪಿಗೆ ಫ್ರೇಮ್ ಹಾಕಿಸ್ತೀರಾ?" ಎಂದಳು ಪ್ರಶ್ನೆ.

"ಫ್ರೇಮ್ ಬೇಡ. ಇನ್ನೂ ಸಾಲು ಸೇರಬಹುದು."

ಪರಿಶೀಲಕರು ಬರುವ ಹಿಂದಿನ ದಿನ ಹೆಡ್‌ಮಿಸ್ಟ್ರೆಸ್ ಲ್ಯಾಬಿಗೆ ಬಂದು ಗೋಡೆ ನೋಡಿದರು. "ಇದನ್ನ ನಾಳೆ ಒಂದು ದಿನ ತೆಗೆದಿಡಿ. ನಿಮ್ಮ ತಪ್ಪನ್ನ ನೀವೇ ಜಾಹೀರಾತು ಮಾಡ್ಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅದು ನಿಜವೆಂದು ಸ್ಕೇಲಕ್ಕನಿಗೆ ಗೊತ್ತಿತ್ತು. ಒಂದು ಗಳಿಗೆ ಅವಳ ಕೈ ಹಾಳೆಯ ಅಂಚಿನವರೆಗೂ ಹೋಯಿತು. ಹಿಂದೆ ಹತ್ತೊಂಬತ್ತು ಜೋಡಿ ಕಣ್ಣು ನೋಡುತ್ತಿದ್ದವು.

"ಕ್ಷಮಿಸಿ ಮೇಡಂ. ಇದನ್ನ ತೆಗೆದರೆ ಇಷ್ಟು ದಿನ ಕಲಿಸಿದ್ದೂ ಇದರ ಜೊತೆ ಹೋಗುತ್ತೆ."

"ನಿಮ್ಮಿಷ್ಟ," ಎಂದು ಅವರು ನಿಟ್ಟುಸಿರಿಟ್ಟರು. "ಬಾಗಿಲಾದರೂ ತೆರೆಯುತ್ತೆ, ಪುಣ್ಯ."

ಪರಿಶೀಲಕರು ಮಿತಭಾಷಿ, ತೆಳ್ಳಗಿನ ಮನುಷ್ಯ. ಕೈಯಲ್ಲಿ ಒಂದು ನಮೂನೆ, ಅದರ ತುಂಬ ಚೌಕಗಳು. ಅವರು ಮೆಟ್ಟಿಲು ಹತ್ತಿ ಇಳಿದರು, ಗೋಡೆಯ ಮೇಲಿನ ಪಟ್ಟಿಯನ್ನು ಮುಖ ಹತ್ತಿರ ಮಾಡಿ ಓದಿದರು. ಪ್ರಶ್ನೆ ಕೂತಿದ್ದ ಯಂತ್ರದ ಮುಂದೆ ನಿಂತರು.

"ಅಟ್ಟದ ಎತ್ತರ ಎರಡು ಸಾವಿರದ ಏಳುನೂರು ಆದ್ರೆ?"

ಅವಳು ಸಂಖ್ಯೆ ಕೊಟ್ಟಳು. ಏರು ಹದಿನೈದು, ಹಲಗೆ ಹದಿನಾಲ್ಕು.

"ಸರಿ. ಕೆಲವು ಕಡೆ ಎತ್ತರವೇ ಇರಲ್ಲ, ನೆಲಕ್ಕೆ ನೆಲ. ಆಗ?" ಅವರೇ ಬಗ್ಗಿ ಸೊನ್ನೆ ಒತ್ತಿದರು.

ಪರದೆಯ ಮೇಲೆ ಮೂಡಿತು: ಏರು ಸೊನ್ನೆ. ಹಲಗೆ ಮೈನಸ್ ಒಂದು.

"ಮೈನಸ್ ಒಂದು ಹಲಗೆ," ಎಂದರು ಪರಿಶೀಲಕರು. "ಇದನ್ನ ಬಡಗಿ ಎಲ್ಲಿಂದ ತರ್ತಾನೆ?"

ಹೆಡ್‌ಮಿಸ್ಟ್ರೆಸ್ ಕಣ್ಣು ಮುಚ್ಚಿಕೊಂಡರು. ಸ್ಕೇಲಕ್ಕ ಬಾಯಿ ತೆರೆದು ಸಮಜಾಯಿಷಿ ಹೇಳಬಹುದಿತ್ತು, ತಾನೇ ಕೀಲಿಮಣೆ ಎಳೆದುಕೊಂಡು ಒಂದು ಸಾಲು ಸೇರಿಸಿಬಿಡಬಹುದಿತ್ತು. ಅವಳು ಗೋಡೆಯ ಹತ್ತಿರ ಹೋಗಿ, ಪೆನ್ನು ತೆಗೆದು, ಪಟ್ಟಿಯಲ್ಲಿ ಎರಡನೇ ಸಾಲು ಶುರುಮಾಡಿದಳು. "ಏನು ಬರೀಲಿ, ಹೇಳಿ," ಎಂದಳು ಮಕ್ಕಳ ಕಡೆ ತಿರುಗಿ.

ಮೊದಲು ಗುಸುಗುಸು, ಆಮೇಲೆ ಸದ್ದು, ಆಮೇಲೆ ಗದ್ದಲ. ಮೂವರು ಒಂದೇ ಕೀಲಿಮಣೆಗೆ ಕೈ ಹಾಕಿದರು. ಇಡೀ ವರ್ಷ ಹಾಜರಿ ಕೂಗಿದಾಗ ಬಿಟ್ಟರೆ ತುಟಿ ಬಿಚ್ಚದ, ಎಲ್ಲರೂ 'ಮೌನಿ' ಎನ್ನುತ್ತಿದ್ದ ಹುಡುಗ ಹಿಂದಿನ ಸಾಲಿನಲ್ಲಿ ಎದ್ದು ನಿಂತ.

"ನೆಲದಲ್ಲೇ ಇದ್ದರೆ ಹತ್ತೋದೇ ಇಲ್ಲ ಸರ್. ಏರು ಸೊನ್ನೆ ಆದ್ರೆ ಹಲಗೆನೂ ಸೊನ್ನೆ ಅನ್ನಬೇಕು. ಕಳೆಯೋಕೆ ಮುಂಚೆ ಅದನ್ನ ನೋಡಬೇಕು."

"ಏರು ಒಂದೇ ಇದ್ರೆ?" ಎಂದು ಕೇಳಿದ್ದು ಪರಿಶೀಲಕರಲ್ಲ, ಪ್ರಶ್ನೆ.

ಮೌನಿ ಬೆರಳು ಮಡಿಸಿದ. "ಒಂದರಲ್ಲಿ ಒಂದು ಹೋದ್ರೆ ಸೊನ್ನೆ. ಒಂದೇ ಹೆಜ್ಜೆಗೆ ಮೇಲಿರ್ತೀವಿ. ಅದು ಸರಿ ಇದೆ."

ಮೂರು ನಿಮಿಷದಲ್ಲಿ ಪ್ರೋಗ್ರಾಮ್ ತಿದ್ದಿ ಆಯಿತು. ಮತ್ತೆ ಸೊನ್ನೆ ಕೊಟ್ಟರು, ಒಂದು ಏರಿನಷ್ಟು ಕೊಟ್ಟರು, ಎರಡೂ ಸರಿ ಬಂತು. ಪಟ್ಟಿಯ ಎರಡನೇ ಸಾಲಿಗೆ ಯಾರು ಸಹಿ ಮಾಡಬೇಕೆಂದು ಸಣ್ಣ ಜಗಳವಾಯಿತು. ಕೊನೆಗೆ ಪ್ರಶ್ನೆ ಪೆನ್ನನ್ನು ಮೌನಿಯ ಕೈಗೆ ತುರುಕಿ, "ತಪ್ಪು ನಮ್ಮೆಲ್ಲರದು, ಸಹಿ ನಿಂದು. ಬೇಗ ಮಾಡು," ಎಂದಳು.

ಪರಿಶೀಲಕರು ಈ ಗಲಾಟೆ ಮುಗಿಯುವವರೆಗೂ ಗೋಡೆಗೆ ಒರಗಿ ನಿಂತಿದ್ದರು. ನಮೂನೆಯ ಚೌಕಗಳನ್ನು ತುಂಬುವುದನ್ನೇ ಮರೆತಿದ್ದರು. ಹೊರಗೆ ವರಾಂಡದಲ್ಲಿ ಸ್ಕೇಲಕ್ಕನನ್ನು ಕೇಳಿದರು.

"ನಿಮ್ಮ ಸರ್ಟಿಫಿಕೇಟು?"

"ನಕ್ಷೆ ಬರೆಯೋದಕ್ಕೆ ಇದೆ ಸರ್. ಕಂಪ್ಯೂಟರ್ ಪಾಠಕ್ಕೆ ಇಲ್ಲ."

"ಇಲ್ಲದೆ ನಾನು ಟೀಚರ್ ಅಂತ ಬರೆಯೋಕಾಗಲ್ಲ. ನಿಯಮ."

"ಗೊತ್ತು ಸರ್."

"ಆದ್ರೆ ಈ ಕ್ಲಾಸಿಗೆ ಬೇರೆಯವರು ಬೇಕು ಅಂತಲೂ ಬರೆಯೋಕಾಗಲ್ಲ," ಎಂದು ಅವರು ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಹೋದ ಕಡೆಯೆಲ್ಲ ಪ್ರೋಗ್ರಾಮ್ ಸರಿಯಾಗಿ ಓಡೋದನ್ನೇ ತೋರಿಸ್ತಾರೆ. ತಪ್ಪಿದಾಗ ಏನು ಮಾಡ್ತಾರೆ ಅಂತ ನೋಡೋಕೆ ನನಗೆ ಇವತ್ತೇ ಸಿಕ್ಕಿದ್ದು."

ಮೂರು ವಾರದ ಮೇಲೆ ಪತ್ರ ಬಂತು. ಹೆಡ್‌ಮಿಸ್ಟ್ರೆಸ್ ಅದನ್ನು ಎರಡು ಸಲ ಓದಿ ಹೇಳಿದರು. ಒಂದು ವರ್ಷ ತರಗತಿ ಅವಳದೇ. ಅಷ್ಟರಲ್ಲಿ ಅವಳು ಸಂಜೆ ಕಾಲೇಜಿಗೆ ಹೋಗಿ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಇಲ್ಲ. ಇದನ್ನು ಕೇಳಿದ ಮೇಲೆ ಅವಳನ್ನು ಹೇಗೆ ಓದಿಸಬೇಕೆಂದು ಹತ್ತೊಂಬತ್ತು ಮಕ್ಕಳೂ ಒಂದೊಂದು ವೇಳಾಪಟ್ಟಿ ಹಾಕಿಕೊಟ್ಟರು. ಪ್ರಶ್ನೆ ಹಾಕಿದ್ದರಲ್ಲಿ ನಿದ್ದೆಗೆ ಜಾಗವೇ ಇರಲಿಲ್ಲ.

ಸ್ಕೇಲಕ್ಕ ಅರ್ಜಿಯ ಹಾಳೆ ಹಿಡಿದು ಮನೆಗೆ ಬಂದಳು. ಗಂಡ ಕೋಟಿನ ತೋಳು ಬಿಚ್ಚುತ್ತಿದ್ದ. ಅರ್ಜಿಯನ್ನು ಅವನೆದುರಿನ ಮೇಜಿನ ಮೇಲೆ ಹರಡಿ ಅವಳು ಹೇಳಿದಳು. "ಇನ್ನು ಮೇಲೆ ವಾರಕ್ಕೆ ನಾಲ್ಕು ಸಂಜೆ ಕಾಲೇಜು ರೀ. ಐವತ್ತೆರಡನೇ ವಯಸ್ಸಿಗೆ ಫೇಲಾದ್ರೆ ಜನ ಏನಂತಾರೋ."

"ಪಾಸಾದ್ರೆ ಏನಂತಾರೆ ಅಂತ ಕೇಳು ಮೊದಲು." ಅವನು ಕತ್ತರಿ ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡು ಅರ್ಜಿ ಓದಿದ. "ಹೋಗು. ಆ ನಾಲ್ಕು ಸಂಜೆ ಅಡುಗೆ ನಂದು."

"ನಿಮಗೆ ಅಡುಗೆ ಬರುತ್ತಾ?"

"ಮಾಡೋ ಜವಾಬ್ದಾರಿ ನಂದು. ತಿನ್ನೋ ಧೈರ್ಯ ನಿಂದು."

ಅವಳು ನಗುತ್ತಲೇ ಪೆನ್ನು ತೆಗೆದು ಮೊದಲ ಕಾಲಂ ತುಂಬತೊಡಗಿದಳು. 'ಸದ್ಯದ ವೃತ್ತಿ' ಎಂಬಲ್ಲಿಗೆ ಬಂದಾಗ ಮಾತ್ರ ಒಂದು ಕ್ಷಣ ನಿಂತಳು. ಗಂಡ ದೀಪವನ್ನು ಅವಳ ಕಡೆ ಸರಿಸಿದ. ಅವಳು ಅಚ್ಚುಕಟ್ಟಾದ, ನಕ್ಷೆಗಳ ಮೇಲೆ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ ಬರೆದಳು: ಶಿಕ್ಷಕಿ.